ಓದುವ ಮಕ್ಕಳು ಎಲ್ಲಿ ಮಲಗುತ್ತಿದ್ದರು?

ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದೆಂದರೆ ಶಿಕ್ಷಕಿಯರಿಗೆ ಅದೊಂದು ವ್ರತ. ಬುತ್ತಿ ಕಟ್ಟಿಸಬೇಕು, ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ತಲೆ ಎಣಿಸಬೇಕು, ವಾಂತಿ ಮಾಡಿಕೊಂಡವಳ ಮುಖ ತೊಳೆಸಬೇಕು, ಇಷ್ಟರ ನಡುವೆ ಇತಿಹಾಸವನ್ನೂ ಹೇಳಬೇಕು. ಎಂಟು ವರ್ಷಗಳ ಹಿಂದೆ ಕೊಡ್ಲಿಯ ನಮ್ಮ ಮಕ್ಕಳನ್ನು ಚಿತ್ತಾಪುರದ ಹತ್ತಿರವಿರುವ ನಾಗಾವಿಗೆ ಕರೆದುಕೊಂಡು ಹೋಗಿದ್ದೆವು. ಯಲ್ಲಮ್ಮನಿಗೆ ಕೈಮುಗಿದು, ಅರವತ್ತು ಕಂಬದ ಗುಡಿಗೆ ಬಂದು, ನೆರಳಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯದ ಗಂಟುಗಳನ್ನು ಬಿಚ್ಚಿದೆವು. ಊಟ ಮುಗಿದ ಮೇಲೆ ನಾನು ಎದ್ದುನಿಂತು ನನ್ನ ಪಾಠ ಒಪ್ಪಿಸಿದೆ. “ಮಕ್ಕಳೇ, ಇದು ಸುಮಾರು ಸಾವಿರ ವರ್ಷದ ಹಿಂದಿನ ಘಟಿಕಾಸ್ಥಾನ. ಅಂದರೆ ಆಗಿನ ಕಾಲದ ಯೂನಿವರ್ಸಿಟಿ. ಇಲ್ಲಿ 252 ಮಂದಿ ವಿದ್ಯಾರ್ಥಿಗಳು ಓದುತ್ತಿದ್ದರು.”

ಎಂಟನೆಯ ತರಗತಿಯ ಒಬ್ಬ ಹುಡುಗಿ ಕೈ ಎತ್ತಿದಳು. “ಟೀಚರ್, ಅಷ್ಟು ಮಂದಿ ರಾತ್ರಿ ಎಲ್ಲಿ ಮಲಗ್ತಿದ್ರು?”

ಉಳಿದವರು ನಕ್ಕರು. ನಾನೂ ನಕ್ಕೆ. “ಊರಾಗೇ ಎಲ್ಲೋ ಮಲಗ್ತಿದ್ದರು” ಎಂದು ಹೇಳಿ ಮುಂದಿನ ಕಂಬಕ್ಕೆ ನಡೆದೆ. ಹಾಗೆ ನಡೆದದ್ದು ನನಗೆ ಸರಿ ಕಾಣಲಿಲ್ಲ. ರಾಜನ ಹೆಸರು, ಯುದ್ಧದ ವರ್ಷ, ಗುಡಿಯ ಶಿಲ್ಪ ಎಲ್ಲವನ್ನೂ ಕಲಿಸುವ ನಾವು, ಓದಲು ಬಂದ ಮಕ್ಕಳು ಎಲ್ಲಿ ಮಲಗಿದರು, ಏನು ಉಂಡರು ಎಂದು ಕೇಳಿದರೆ ನಗುತ್ತೇವೆ. ಮನೆ ನಡೆಸುವ ಹೆಂಗಸಿಗೆ ಇದು ಮೊದಲು ಹೊಳೆಯಬೇಕಾದ ಪ್ರಶ್ನೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಅದು ಹೊಳೆದಿರಲಿಲ್ಲ. ಹುಡುಗಿಗೆ ಹೊಳೆಯಿತು.

ಆ ಮೇಲೆ ನಾನು ಸಿಕ್ಕ ಪುಸ್ತಕಗಳನ್ನೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡು ಓದತೊಡಗಿದೆ. ನಾಗಾವಿಯ ಶಾಸನ 1058ನೆಯ ಇಸವಿಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲ. ತ್ರೈಲೋಕ್ಯಮಲ್ಲ ಎಂಬುದು ಅವನ ಬಿರುದು. ಅವನ ದಂಡನಾಯಕ ಮಧುಸೂದನ ಎಂಬವನು ಈ ಘಟಿಕಾಶಾಲೆಯನ್ನು ಕಟ್ಟಿಸಿ ದತ್ತಿ ಬಿಟ್ಟ. ಶಾಸನ ಒಂದು ಮನೆಯ ಲೆಕ್ಕದ ಪುಸ್ತಕದಂತೆ ಬರೆಯುತ್ತದೆ: ವೇದ ಓದುವವರು 200, ಶಾಸ್ತ್ರ ಓದುವವರು 52, ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಉಪಾಧ್ಯಾಯರು ಆರು ಮಂದಿ, ಪುಸ್ತಕ ಕಾಯುವವರೂ ಆರು ಮಂದಿ! ನಮ್ಮ ಶಾಲೆಯ ಗ್ರಂಥಾಲಯವೆಂದರೆ ಹೆಡ್‌ಮಾಸ್ತರರ ಕೋಣೆಯ ಒಂದು ಬೀರು, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ವಿದ್ಯಾರ್ಥಿಗಳ ಊಟ ಬಟ್ಟೆಗೂ ದತ್ತಿಯಲ್ಲಿ ವ್ಯವಸ್ಥೆಯಿತ್ತು. ಅಂದರೆ ದಂಡನಾಯಕನಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಗುರುವನ್ನು ತಂದು ಕೂರಿಸಿದರೆ ಶಾಲೆಯಾಗುವುದಿಲ್ಲ, ಶಿಷ್ಯನ ಹೊಟ್ಟೆ ಬಟ್ಟೆಗೂ ದಾರಿ ಮಾಡಿರಬೇಕು.

ಆದರೆ ಹುಡುಗಿ ಕೇಳಿದ ಪ್ರಶ್ನೆಗೆ ನೇರವಾದ ಉತ್ತರ ಸಿಕ್ಕಿದ್ದು ನಾಗಾವಿಗಿಂತ ನೂರು ವರ್ಷಕ್ಕೂ ಹಿಂದಿನ ಇನ್ನೊಂದು ಕಲ್ಲಿನಲ್ಲಿ. ಅದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿದೆ. ಇಸವಿ 945. ಆಗ ನಮ್ಮ ಸೇಡಂ ತಾಲ್ಲೂಕಿನ ಮಳಖೇಡವೇ ಮಾನ್ಯಖೇಟವಾಗಿ, ಅಲ್ಲಿಂದ ರಾಷ್ಟ್ರಕೂಟರ ಮೂರನೆಯ ಕೃಷ್ಣ ಆಳುತ್ತಿದ್ದ. ಅವನ ಮಂತ್ರಿ ನಾರಾಯಣ ಸಾಲೋಟಗಿಯಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರಂತೆ. ಅವರು ಉಳಿದುಕೊಳ್ಳಲು 27 ಮನೆಗಳು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿ. ನಿವರ್ತನವೆಂದರೆ ಆಗಿನ ಹೊಲದ ಅಳತೆ. ಊರಿನವರು ತಾವಾಗಿ ಇನ್ನೊಂದು ಕಟ್ಟು ಹಾಕಿಕೊಂಡರು: ಮನೆಯಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಎರಡೂವರೆ, ಮಗುವಿನ ಜವಳ ತೆಗೆಸಿದರೆ ಒಂದೂಕಾಲು. ಊರಲ್ಲಿ ಊಟವಿದ್ದಾಗ ಶಾಲೆಯವರಿಗೂ ಕೈಲಾದಷ್ಟು ಬಡಿಸಬೇಕು.

ನಾನು ಈ ಲೆಕ್ಕವನ್ನು ಓದುತ್ತ ದೀಪದ ಹೊಲದ ಹತ್ತಿರ ನಿಂತುಬಿಟ್ಟೆ. ಅದಕ್ಕೆ ಕಾರಣ ನನ್ನ ಸೋದರಮಾವನ ಮನೆ.

1988ರಿಂದ 1991ರವರೆಗೆ ನಾನು ಗುಲಬರ್ಗಾದಲ್ಲಿ ಬಿ.ಎ. ಓದಿದ್ದು ಮಾಮನ ಮನೆಯಲ್ಲಿದ್ದುಕೊಂಡು. ಕಲಬುರಗಿ ಎಂದು ಸರ್ಕಾರ ಹೆಸರು ಬದಲಿಸಿದ್ದು 2014ರಲ್ಲಿ, ನಮಗೆ ಆಗ ಅದು ಗುಲಬರ್ಗಾ. ಎರಡು ಕೋಣೆ, ಒಂದು ಅಡುಗೆಮನೆ, ಅವರ ಮೂವರು ಮಕ್ಕಳು. ಅತ್ತಿ ಒಳ್ಳೆಯವರೇ. ನನಗೆ ಒಂದು ದಿನವೂ ಉಪವಾಸ ಕೆಡವಲಿಲ್ಲ. ಬೆಳಗಿನ ರೊಟ್ಟಿ ನಾನು ಬಡಿಯುತ್ತಿದ್ದೆ, ಸಂಜೆ ಭಾಂಡೆ ತಿಕ್ಕುತ್ತಿದ್ದೆ. ಇನ್ನೊಬ್ಬರ ಮನೆಯಲ್ಲಿದ್ದು ಓದುವ ಹುಡುಗಿ ಅಷ್ಟೂ ಮಾಡದಿದ್ದರೆ ಹೇಗೆ? ಆದರೆ ರಾತ್ರಿ ಹತ್ತು ಹೊಡೆಯುತ್ತಲೇ ದೀಪ ಆರುತ್ತಿತ್ತು. ಮಕ್ಕಳು ಮಲಗಬೇಕು, ಕರೆಂಟಿನ ಬಿಲ್ಲೂ ಬರುತ್ತದೆ. ಪರೀಕ್ಷೆಯ ದಿನಗಳಲ್ಲಿ ನಾನು ದೇವರ ಗೂಡಿನ ಮೇಲಿದ್ದ ಸಣ್ಣ ಕೆಂಪು ಬಲ್ಬಿನ ಕೆಳಗೆ ಕೂತು ಓದುತ್ತಿದ್ದೆ. ಪುಸ್ತಕವನ್ನು ಎಷ್ಟು ಹತ್ತಿರ ಹಿಡಿಯಬೇಕಿತ್ತೆಂದರೆ ಅಕ್ಷರದ ವಾಸನೆ ಬರುತ್ತಿತ್ತು. ಹಾಗಾಗಿ, ಓದುವ ಹುಡುಗರ ದೀಪಕ್ಕೆ ಎಣ್ಣೆ ಸಾಲಬಾರದೆಂದು ಹೊಲವನ್ನೇ ಬಿಟ್ಟುಕೊಟ್ಟ ಆ ಊರಿನ ಮೇಲೆ ನನಗೆ ಪ್ರೀತಿಯೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಬಂತು.

ಹೊಟ್ಟೆಕಿಚ್ಚು ಎಂದೆ. ಅದಕ್ಕೆ ಇನ್ನೂ ಒಂದು ಕಾರಣವಿದೆ. ಆ 252 ಮಂದಿಯಲ್ಲಾಗಲಿ, 27 ಮನೆಗಳಲ್ಲಾಗಲಿ ನಮ್ಮಂಥವರು ಇರಲಿಲ್ಲ. ವೇದಾಧ್ಯಯನಕ್ಕೆ ಕೂತವರು ಬ್ರಾಹ್ಮಣ ಹುಡುಗರು. ದೀಪದ ಹೊಲವನ್ನು ಉತ್ತವನ ಮಗ ಆ ದೀಪದ ಬೆಳಕಿಗೆ ಬರುವಂತಿರಲಿಲ್ಲ. ಎಣ್ಣೆಗೆ ಕಾಳು ಕೇರಿದವಳ ಮಗಳು ಬರುವ ಮಾತಂತೂ ದೂರವೇ ಉಳಿಯಿತು. ನಮ್ಮ ನಾಡಿನ ಹಿರಿಮೆ ಹೇಳುವಾಗ ಇದನ್ನೂ ಹೇಳದಿದ್ದರೆ ಮಕ್ಕಳಿಗೆ ಅರ್ಧ ಪಾಠ ಮಾತ್ರ ಹೇಳಿದಂತೆ.

ಅಲ್ಲಿಂದ ಮುಂದೆ ಎಷ್ಟೋ ಶತಮಾನ ಓದುವ ಹುಡುಗರಿಗೆ ಆಸರೆಯಾದದ್ದು ಮಠ ಮತ್ತು ಪರರ ಮನೆಯ ಪಡಸಾಲೆ. ಮೈಸೂರು, ಧಾರವಾಡದ ಕಡೆ ವಾರಾನ್ನವೆಂಬ ಪದ್ಧತಿ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆ ಉಂಡು ಓದಿ ದೊಡ್ಡವರಾದವರ ಆತ್ಮಕಥೆಗಳನ್ನು ನಾವೆಲ್ಲ ಓದಿದ್ದೇವೆ. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡ ಹುಡುಗರಿಗೆ ಅನ್ನ, ಅಕ್ಷರ, ಆಸರೆ ಮೂರನ್ನೂ ಕೊಟ್ಟರು. ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರರ ದಾಸೋಹದ ಪರಂಪರೆಯಿದೆ. ಅದೇ ಪರಂಪರೆಯ ದೊಡ್ಡಪ್ಪ ಅಪ್ಪನವರು ನಿಜಾಮರ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ, ಹೆಣ್ಣುಮಕ್ಕಳಿಗೆ ಶಾಲೆ ತೆರೆದದ್ದನ್ನು ಈ ಭಾಗದ ಹೆಂಗಸರು ಮರೆಯಬಾರದು. ಆದರೂ ಯೋಚಿಸಿ ನೋಡಿ: ಹುಡುಗಿಯೊಬ್ಬಳು ದಿನಕ್ಕೊಂದು ಮನೆಯಲ್ಲಿ ಉಂಡು, ಯಾವುದೋ ಮಠದ ಜಗುಲಿಯಲ್ಲಿ ಮಲಗಿ ಓದುವುದು ಸಾಧ್ಯವಿತ್ತೇ? ವಾರಾನ್ನ ಉಂಡು ಓದಿದೆ ಎಂದು ಬರೆದ ಹೆಣ್ಣುಮಗಳ ಆತ್ಮಕಥೆಯನ್ನು ನಾನಂತೂ ಓದಿಲ್ಲ.

ಹೈದರಾಬಾದ್ ಸಂಸ್ಥಾನದಲ್ಲಿ ದೊಡ್ಡ ಯೂನಿವರ್ಸಿಟಿ ಎಂದರೆ ಉಸ್ಮಾನಿಯಾ. 1918ರಲ್ಲಿ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಸ್ಥಾಪಿಸಿದ್ದು. ಉರ್ದುವಿನಲ್ಲಿ ಪಾಠ ಹೇಳುವ ಯೂನಿವರ್ಸಿಟಿ. ಗುಲಬರ್ಗಾ, ಬೀದರ, ರಾಯಚೂರಿನ ಕನ್ನಡದ ಹುಡುಗರು ಮನೆಯಲ್ಲಿ ಒಂದು ಭಾಷೆ, ಕಾಲೇಜಿನಲ್ಲಿ ಇನ್ನೊಂದು ಭಾಷೆ ಎಂದು ಓದಿದರು. ಅವರಿಗೆ ದಾರಿ ತೋರಿಸಿದ್ದು ರೈಲು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಓಡಿತ್ತು. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಹೋಗುವ ಆ ಹಾದಿಯಲ್ಲಿ ಟ್ರಂಕು, ಹಾಸಿಗೆ ಸುರುಳಿ, ಕಡಕ್ ರೊಟ್ಟಿಯ ಗಂಟು ಹೊತ್ತ ಹುಡುಗರು ಹೈದರಾಬಾದಿಗೆ ಹೋದರು. ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದ ಚಿಂಚೋಳಿಯ ವೀರೇಂದ್ರ ಪಾಟೀಲರೂ ಜೇವರ್ಗಿಯ ಧರ್ಮಸಿಂಗರೂ ಉಸ್ಮಾನಿಯಾದಲ್ಲಿ ಓದಿದವರೇ. ನಮ್ಮಜ್ಜಿ ಅದೇ ರೈಲನ್ನು ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ, ಎರಡು ಸಲವೂ ಬಾಣಂತನ ಮಾಡಲು.

ಆ ಯೂನಿವರ್ಸಿಟಿಯ ಚರಿತ್ರೆಯಲ್ಲಿ ಹಾಸ್ಟೆಲಿಗೆ ಒಂದು ದೊಡ್ಡ ಜಾಗವಿದೆ. 1938ರ ಕೊನೆಗೆ ಹಾಸ್ಟೆಲಿನ ಪ್ರಾರ್ಥನೆಯ ಕೋಣೆಯಲ್ಲಿ ಹುಡುಗರು ವಂದೇ ಮಾತರಂ ಹಾಡಿದರು. ಅಧಿಕಾರಿಗಳು ಬೇಡವೆಂದರು. ಹುಡುಗರು ಬಿಡಲಿಲ್ಲ. ಮುಷ್ಕರವಾಯಿತು, ಬೇರೆ ಊರುಗಳ ಕಾಲೇಜುಗಳಿಗೂ ಹರಡಿತು, ಎಷ್ಟೋ ಮಂದಿಯನ್ನು ಹೊರಗೆ ಹಾಕಿದರು. ಹೊರಬಿದ್ದವರಿಗೆ ನಾಗಪುರ ಯೂನಿವರ್ಸಿಟಿ ಬಾಗಿಲು ತೆರೆಯಿತು. ಇದನ್ನು ನಾನು ಯಾಕೆ ಹೇಳುತ್ತಿದ್ದೇನೆಂದರೆ, ಆ ಹಾಡು ತರಗತಿಯಲ್ಲಿ ಹುಟ್ಟಲಿಲ್ಲ. ಸಂಜೆಯ ಹೊತ್ತು, ಬೇರೆ ಬೇರೆ ಜಿಲ್ಲೆಯ ಹುಡುಗರು ಒಂದೇ ಸೂರಿನಡಿ ಉಂಡು ಕೂತಾಗ ಹುಟ್ಟಿತು. ಹಗಲು ಪಾಠ ಕೇಳಿ ಸಂಜೆಗೆ ತಂತಮ್ಮ ಮನೆಗೆ ಚದುರಿ ಹೋಗುವವರಿಗೆ ಅಂಥ ಧೈರ್ಯ ಕೂಡಿ ಬರುವುದು ಕಷ್ಟ. ಯೂನಿವರ್ಸಿಟಿಯ ಅರ್ಧ ವಿದ್ಯೆ ರಾತ್ರಿಯದು.

ಹೆಣ್ಣುಮಕ್ಕಳಿಗೆ ಅಡ್ಡ ಬಂದದ್ದೂ ಆ ರಾತ್ರಿಯೇ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ನಮಗೆ ಯೂನಿವರ್ಸಿಟಿ ಎಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕೊಡ್ಲಿಯ ಹುಡುಗಿಗೆ ಧಾರವಾಡವೆಂದರೆ ಬೇರೊಂದು ದೇಶವೇ. 1970ರಲ್ಲಿ ಅದರ ಸ್ನಾತಕೋತ್ತರ ಕೇಂದ್ರ ಗುಲಬರ್ಗಾಕ್ಕೆ ಬಂತು. 1980ರಲ್ಲಿ ಅದು ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಊರ ಹೊರಗೆ, ಸೇಡಂ ರಸ್ತೆಯಲ್ಲಿ, 860 ಎಕರೆಯ ಜ್ಞಾನಗಂಗಾ ಆವರಣ. ನಮ್ಮ ಕಡೆಯಿಂದ ಬಸ್ಸಿನಲ್ಲಿ ಹೋಗುವವರು ಅದರ ಕಮಾನನ್ನು ಕೈ ತೋರಿಸಿ ಮಕ್ಕಳಿಗೆ ಹೇಳುವಂತಾಯಿತು.

1991ರಲ್ಲಿ ನಾನು ಬಿ.ಎ. ಮುಗಿಸಿದೆ. ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂಬ ಆಸೆ. ಅಂಕಗಳು ಇದ್ದವು, ಸೀಟೂ ಸಿಕ್ಕಿತು. ಅದೇ ವರ್ಷ ಮಾಮನಿಗೆ ರಾಯಚೂರಿಗೆ ವರ್ಗವಾಯಿತು. ಅಪ್ಪ ತೊಗರಿ ಬೆಳೆಯುವ ಒಕ್ಕಲಿಗ. ಮಗಳು ಓದುವುದೆಂದರೆ ಅವರಿಗೆ ಹೆಮ್ಮೆ, ಫೀ ಕಟ್ಟಲು ಒಮ್ಮೆಯೂ ಹಿಂದೆ ಮುಂದೆ ನೋಡಿದವರಲ್ಲ. ಆ ಸಂಜೆ ಕಟ್ಟೆಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು: “ಓದಬ್ಯಾಡ ಅಂತ ನಾ ಎಂದೂ ಅಂದಿಲ್ಲವ್ವಾ. ಖರೇ, ರಾತ್ರಿ ನೀ ಎಲ್ಲಿರ್ತಿ?”

“ಹಾಸ್ಟೆಲದಾಗ” ಎಂದೆ. ಅಪ್ಪ ಸುಮ್ಮನಾದರು. ಅವರಿಗೆ ಹಾಸ್ಟೆಲ್ ಎಂದರೆ ಏನೆಂದು ಗೊತ್ತಿರಲಿಲ್ಲ, ಸಿನಿಮಾದಲ್ಲಿ ನೋಡಿದ್ದಷ್ಟೇ. ಅಲ್ಲಿ ಬಾಗಿಲಿಗೆ ಚಿಲಕವಿದೆಯೇ, ಮುಟ್ಟಾದರೆ ಹುಡುಗಿಯರು ಎಲ್ಲಿ ಸ್ನಾನ ಮಾಡುತ್ತಾರೆ, ಜ್ವರ ಬಂದರೆ ಯಾರು ನೋಡುತ್ತಾರೆ, ಇವೆಲ್ಲ ಅವರು ಕೇಳಲಾರದ ಪ್ರಶ್ನೆಗಳು. ಕೇಳಲಾರದ್ದಕ್ಕೆ ‘ಬೇಡ’ ಎಂದರು. ನಾನು ಅತ್ತೆ, ಎರಡು ದಿನ ಉಣ್ಣಲಿಲ್ಲ, ಮೂರನೆಯ ದಿನ ಉಂಡೆ. ಮುಂದೆ ಮದುವೆಯಾಯಿತು. ಗಂಡನ ಮನೆ ಗುಲಬರ್ಗಾದಲ್ಲೇ ಇತ್ತು, ಅಲ್ಲಿಂದ ಬಿ.ಎಡ್. ಮಾಡಿದೆ, ನೌಕರಿ ಸಿಕ್ಕಿತು. ನನ್ನ ಬಿ.ಎ. ಸೋದರಮಾವನ ಮನೆಯದು, ಬಿ.ಎಡ್. ಗಂಡನ ಮನೆಯದು. ಎಂ.ಎ.ಗೆ ಮನೆ ಇರಲಿಲ್ಲ, ಹಾಗಾಗಿ ಎಂ.ಎ. ಆಗಲಿಲ್ಲ.

ಎಷ್ಟೋ ವರ್ಷ ನಾನು ಅಪ್ಪನನ್ನು ದೂರುತ್ತಿದ್ದೆ. ಆದರೆ ನನ್ನ ಜೊತೆಯಲ್ಲೇ ಸೀಟು ಸಿಕ್ಕಿದ್ದ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿದ್ದು ಓದಿ ಉಪನ್ಯಾಸಕಿಯಾದಳು. ಅವಳ ತಂದೆಯೂ ಒಕ್ಕಲಿಗರೇ. ಒಮ್ಮೆ ಮದುವೆ ಮನೆಯಲ್ಲಿ ಸಿಕ್ಕಾಗ ಕೇಳಿದೆ, ನಿಮ್ಮಪ್ಪ ಹೇಗೆ ಒಪ್ಪಿದರು ಎಂದು. “ಒಪ್ಪಿದ್ದಿಲ್ಲ. ಅವ್ವ ಒಂದು ದಿನ ಸೆರಗು ಕಟ್ಟಿ, ನಡೀರಿ ನೋಡೇ ಬರಮು ಅಂತ ಕರಕೊಂಡು ಹೋದಳು. ನೋಡಿದ ಮ್ಯಾಲ ಅಪ್ಪಗ ಅಂಜಿಕಿ ಹೋಯ್ತು.” ಮನೆಗೆ ಬಂದು ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಹೋಗಿ ನೋಡೋಣ ಅಪ್ಪಾ ಎಂದು ನಾನು ಹೇಳಿರಲಿಲ್ಲ. ನಮ್ಮವ್ವನಿಗೂ ಹೊಳೆದಿರಲಿಲ್ಲ.

ಈ ಕಷ್ಟ ನಮ್ಮೂರಿನದಷ್ಟೇ ಅಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ಯೂನಿವರ್ಸಿಟಿಯ ಹೆಣ್ಣುಮಕ್ಕಳ ಕಾಲೇಜುಗಳು ಶುರುವಾದದ್ದೇ ವಾಸದ ಮನೆಗಳಾಗಿ. ಎಮಿಲಿ ಡೇವಿಸ್ ಎಂಬಾಕೆ 1869ರಲ್ಲಿ ಹಿಚಿನ್ ಎಂಬ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಐವರು ಹುಡುಗಿಯರನ್ನು ಇಟ್ಟುಕೊಂಡಳು. ಅದು ಮುಂದೆ ಗರ್ಟನ್ ಕಾಲೇಜಾಯಿತು. 1871ರಲ್ಲಿ ಆನ್ ಕ್ಲಫ್ ಎಂಬಾಕೆ ಕೇಂಬ್ರಿಜ್‌ನಲ್ಲೇ ಐವರಿಗೆ ಒಂದು ಮನೆ ನಡೆಸಿದಳು. ಅದು ನ್ಯೂನ್‌ಹ್ಯಾಮ್ ಕಾಲೇಜಾಯಿತು. ಮನೆ ಸಿಕ್ಕಿತು, ಪಾಠ ಸಿಕ್ಕಿತು, ಆದರೆ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಆ ಯೂನಿವರ್ಸಿಟಿ ಒಪ್ಪಿದ್ದು 1948ರಲ್ಲಿ! ನಮ್ಮ ದೇಶದಲ್ಲಿ ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗೊಂದು ಆಶ್ರಮ ಮಾಡಿದರು. ಅದು ಹಿಂಗಣೆಗೆ ಹೋಗಿ ಬೆಳೆಯಿತು, ಅವರೇ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅಲ್ಲಿಯೂ ಇಲ್ಲಿಯೂ ಹೆಣ್ಣಿಗೆ ಮೊದಲು ಮಲಗಲು ಭಯವಿಲ್ಲದ ಮನೆ ಬೇಕಾಯಿತು, ಪದವಿ ಆಮೇಲೆ ಬಂತು. ಗಂಡುಮಕ್ಕಳ ಚರಿತ್ರೆಯಲ್ಲಿ ಹಾಸ್ಟೆಲ್ ಒಂದು ಅನುಕೂಲ. ನಮ್ಮ ಚರಿತ್ರೆಯಲ್ಲಿ ಅದೇ ಹೆಬ್ಬಾಗಿಲು.

ಆ ಬಾಗಿಲು ಈಗ ಮೊದಲಿಗಿಂತ ಅಗಲವಾಗಿದೆ ಎಂಬುದನ್ನು ಒಪ್ಪಲೇಬೇಕು. ವಿಜಯಪುರದಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಯಿತು. ಅದಕ್ಕೆ ಈಗ ಅಕ್ಕಮಹಾದೇವಿಯ ಹೆಸರು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಗಳ ‘ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯ’ ಎಂಬ ಫಲಕಗಳು ತಾಲ್ಲೂಕು ಊರುಗಳಲ್ಲೂ ಕಾಣುತ್ತವೆ. ಸಾಲೋಟಗಿಯ ದೀಪದ ಹೊಲ ಉತ್ತವರ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಆ ಕೋಣೆಗಳಲ್ಲಿ ಕೂತು ಓದುತ್ತಿದ್ದಾರೆ. ಅರ್ಜಿ ಹಾಕಿದವರಿಗೆಲ್ಲ ಕೋಣೆ ಸಿಗುವುದಿಲ್ಲ. ಅದಕ್ಕೇ 2013-14ರಲ್ಲಿ ವಿದ್ಯಾಸಿರಿ ಎಂಬ ಯೋಜನೆ ತಂದು, ಕೋಣೆ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ವರ್ಷದಲ್ಲಿ ಹತ್ತು ತಿಂಗಳು ಕೊಡತೊಡಗಿದರು. ಆ ದುಡ್ಡಿನಲ್ಲಿ ಹುಡುಗರು ನಾಲ್ವರು ಸೇರಿ ಎಲ್ಲೋ ಒಂದು ಕೋಣೆ ಹಿಡಿಯುತ್ತಾರೆ. ಹುಡುಗಿಯರು ನಾಲ್ವರು ಹೋಗಿ ಬಾಡಿಗೆಗೆ ಕೋಣೆ ಕೇಳಿದರೆ ಮಾಲೀಕರು ಮೊದಲು ಕೇಳುವುದು ಬಾಡಿಗೆಯ ಮಾತನ್ನಲ್ಲ, ಜಾತಿ ಯಾವುದು, ಮನೆಗೆ ಯಾರು ಬಂದು ಹೋಗುತ್ತಾರೆ ಎಂದು.

ನಾಗಾವಿಯಲ್ಲಿ ಕೈ ಎತ್ತಿದ್ದ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳೂ ಬಿ.ಎ. ಮುಗಿಸಿದಳು. ಅವಳಿಗೂ ಎಂ.ಎ.ಗೆ ಸೀಟು ಸಿಕ್ಕಿತು. ಸೀಟಿನ ಕಾಗದ ಹಿಡಿದು ನಮ್ಮ ಮನೆಗೆ ಬಂದವಳು ಪೇಡೆ ತಂದಿರಲಿಲ್ಲ. ಆಗಲೇ ನನಗೆ ಗೊತ್ತಾಯಿತು. ಮರುದಿನ ಸಂಜೆ ಅವರ ಮನೆಗೆ ಹೋದೆ. ಅವಳ ತಂದೆ ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ, ನನಗೆ ಎದ್ದು ನಿಂತು ಚಾಪೆ ಹಾಸಿದ.

“ಟೀಚರ್, ಕಲೀಲಿ. ನಾ ಯಾಕ ಬ್ಯಾಡ ಅನ್ನಲಿ? ಈಗ ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟ್ಟ ಅದಾ. ಮುಂಜಾನೆ ಹೋಗಿ ಸಂಜೀಗಿ ಬರಲಿ.”

ಮಾತು ಸುಳ್ಳಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಟಿಕೆಟ್ಟಿನ ದುಡ್ಡಿಲ್ಲದೆ ಕಾಲೇಜು ಬಿಡುತ್ತಿದ್ದ ಎಷ್ಟೋ ಹುಡುಗಿಯರು ನಮ್ಮ ಕಣ್ಣೆದುರೇ ಮುಂದೆ ಓದಿದ್ದಾರೆ. ಹಗಲಿನ ಪ್ರಶ್ನೆಯನ್ನು ಸರ್ಕಾರದ ಕೆಂಪು ಬಸ್ಸು ಬಿಡಿಸಿತು. ಆದರೆ ಬೆಳಗಿನ ಬಸ್ಸು ಹಿಡಿದು, ನಿಂತುಕೊಂಡು ಹೋಗಿ, ಕೊನೆಯ ಪಿರಿಯಡ್ ಅರ್ಧಕ್ಕೆ ಬಿಟ್ಟು ಸಂಜೆಯ ಬಸ್ಸಿಗೆ ಓಡಿ ಬರುವವಳಿಗೆ ಗ್ರಂಥಾಲಯ ಎಲ್ಲಿ? ಮನೆಗೆ ಬಂದರೆ ರೊಟ್ಟಿ ಬಡಿಯುವುದು ತಪ್ಪುವುದಿಲ್ಲ. ಎರಡು ವರ್ಷ ಹಾಗೆ ಓಡಾಡಿ ಅವಳು ಎಂ.ಎ. ಆಗಬಹುದು. ಆದರೆ ಬೀದರದ ಹುಡುಗಿ, ಸುರಪುರದ ಹುಡುಗಿ, ಸಿಂಧನೂರಿನ ಹುಡುಗಿ ಒಂದು ಕೋಣೆಯಲ್ಲಿ ಕೂತು ರಾತ್ರಿ ಹನ್ನೊಂದರವರೆಗೆ ವಾದ ಮಾಡುವುದನ್ನು ಯಾವ ಬಸ್ಸು ತಂದುಕೊಡುತ್ತದೆ?

ಇದನ್ನೆಲ್ಲ ನಾನು ಅವನಿಗೆ ಹೇಳಲಿಲ್ಲ. ನಲವತ್ತು ನಿಮಿಷದ ಪಿರಿಯಡ್ ತೆಗೆದುಕೊಳ್ಳುವ ಜಾಗ ಅದಾಗಿರಲಿಲ್ಲ. “ಒಮ್ಮೆ ಹೋಗಿ ನೋಡಿ ಬರಮು. ನಾನೂ ಬರ್ತೀನಿ. ನೋಡಿದ ಮ್ಯಾಲ ಬ್ಯಾಡ ಅಂದ್ರ ಬ್ಯಾಡ” ಎಂದೆ. ಅವನು ತಲೆ ಕೆರೆದುಕೊಂಡ. ಒಳಗಿನಿಂದ ಹೆಂಡತಿ, ರೊಟ್ಟಿ ಬಡಿಯುವ ಸಪ್ಪಳ ನಿಲ್ಲಿಸಿ ಹೇಳಿದಳು: “ನಾನೂ ಬರ್ತೀನ್ರಿ ಟೀಚರ್.”

ನಾವು ಹೋದದ್ದು ಒಂದು ಆದಿತ್ಯವಾರ. ಯಾವ ನಿಲಯವೆಂದು ಹೆಸರು ಹೇಳುವುದಿಲ್ಲ, ಎಲ್ಲ ನಿಲಯಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ಗೇಟಿನಲ್ಲಿ ಕಾವಲಿನ ಹೆಂಗಸು, ದೊಡ್ಡ ಹಾಜರಿ ಪುಸ್ತಕ. ತಂತಿಯ ಮೇಲೆ ಬಣ್ಣಬಣ್ಣದ ದುಪ್ಪಟ್ಟಾಗಳು. ಅಡುಗೆಮನೆಯಿಂದ ತೊಗರಿಬೇಳೆಯ ವಾಸನೆ. ತಂದೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು, ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅಷ್ಟು ಕೇಳಿಯೇ ಅವನ ಅರ್ಧ ಅಂಜಿಕೆ ಇಳಿಯಿತೆಂದು ಕಾಣುತ್ತದೆ, ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತ ಕೂತ.

ತಾಯಿ ಒಳಗೆ ಬಂದು, ನಾನು ಓದಿದ ಯಾವ ಇತಿಹಾಸಕಾರನೂ ಮಾಡದ ರೀತಿಯಲ್ಲಿ ತನಿಖೆ ಮಾಡಿದಳು. ಕೋಣೆಯ ಬಾಗಿಲು ಮುಚ್ಚಿ, ಒಳಗಿನ ಚಿಲಕ ಹಾಕಿ, ಜಗ್ಗಿ ನೋಡಿದಳು. ಬಚ್ಚಲಿಗೆ ಹೋಗಿ ನಳ ತಿರುವಿದಳು. ಸಂಡಾಸಿನ ಬಾಗಿಲಿಗೂ ಚಿಲಕ ಇದೆಯೇ ಎಂದು ನೋಡಿದಳು, ಒಂದಕ್ಕೆ ಇರಲಿಲ್ಲ. ಕೋಣೆಯಲ್ಲಿದ್ದ ಹುಡುಗಿಯನ್ನು ಯಾವ ಊರವ್ವಾ, ಯಾರ ಪೈಕಿ, ಇಲ್ಲಿ ರೊಟ್ಟಿ ಮೆತ್ತಗ ಇರ್ತಾವೋ ಚರ್ಮ ಆಗಿರ್ತಾವೋ ಎಂದು ಕೇಳಿದಳು. “ಚರ್ಮನೇ ಬಿಡ್ರಿ” ಎಂದು ಅವಳು ನಕ್ಕಳು. ಜ್ವರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಆ ಹುಡುಗಿ, “ಒಬ್ಬರಿಗೆ ಬಂದ್ರ ಇಬ್ಬರು ಕರಕೊಂಡು ಹೋಗ್ತೀವ್ರಿ” ಎಂದಳು. ಇಬ್ಬರ ಕೋಣೆಯಲ್ಲಿ ಮೂರು ಹಾಸಿಗೆಗಳಿದ್ದವು. ತಾಯಿ ಅದಕ್ಕೆ ತಕರಾರು ಮಾಡಲಿಲ್ಲ. “ಮೂರು ಮಂದಿ ಇದ್ರೇ ಚಲೋ” ಎಂದಳು.

ಹೊರಗೆ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದು ಗೇಟಿನ ಬೀಗ. ಸಂಜೆ ಆರೂವರೆಗೆ ಹಾಕಿದರೆ ಬೆಳಿಗ್ಗೆಯೇ ತೆಗೆಯುವುದಂತೆ. ಗ್ರಂಥಾಲಯ ಅದಕ್ಕಿಂತ ತಡವಾಗಿ ಮುಚ್ಚುತ್ತದೆ. 2015ರಲ್ಲಿ ದೆಹಲಿಯ ಕಾಲೇಜು ಹುಡುಗಿಯರು ‘ಪಿಂಜರಾ ತೋಡ್’, ಅಂದರೆ ಪಂಜರ ಮುರಿಯಿರಿ ಎಂದು ಬೀದಿಗೆ ಬಂದದ್ದು ಇಂಥ ಬೀಗಗಳ ಮೇಲೇ. ಅವರ ಸುದ್ದಿ ಓದಿದಾಗ ನನಗೆ ಎರಡು ಮನಸ್ಸಾಗಿತ್ತು. ಈಗಲೂ ಎರಡೇ ಮನಸ್ಸು. ಒಳಗಿನ ಚಿಲಕ ಹುಡುಗಿಯ ಕೈಯಲ್ಲಿರುತ್ತದೆ, ಹೊರಗಿನ ಬೀಗ ಇನ್ನೊಬ್ಬರ ಕೈಯಲ್ಲಿ. ಮೊದಲನೆಯದು ಗಟ್ಟಿಯಾಗಿದ್ದರೆ ಎರಡನೆಯದು ಇಷ್ಟು ಬೇಗ ಬೀಳಬೇಕಿಲ್ಲ ಎಂದು ನನ್ನ ಬುದ್ಧಿ ಹೇಳುತ್ತದೆ. ಆದರೆ ಆ ಬೀಗ ಇಲ್ಲದಿದ್ದರೆ ಬೆಂಚಿನ ಮೇಲೆ ಕೂತಿದ್ದ ಆ ತಂದೆ ಮಗಳನ್ನು ಬಿಟ್ಟು ಹೋಗುತ್ತಿರಲಿಲ್ಲ ಎಂಬುದೂ ನನಗೆ ಗೊತ್ತು. ಇವಳ ಮಗಳ ಕಾಲಕ್ಕಾದರೂ ಗ್ರಂಥಾಲಯ ಮುಚ್ಚಿದ ಮೇಲೆ ಗೇಟು ಮುಚ್ಚಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ತಂದೆ ಮುಂದಿನ ಸೀಟಿನಿಂದ ಹಿಂದೆ ತಿರುಗಿ ಹೆಂಡತಿಯನ್ನು ಕೇಳಿದ: “ಹೆಂಗದಾ?”

“ಚಿಲಕ ಗಟ್ಟಿ ಅದಾ” ಎಂದಳು ಅವಳು. ಸ್ವಲ್ಪ ತಡೆದು, “ಸಂಡಾಸದ್ದು ಒಂದು ಇಲ್ಲ. ಟೀಚರ್ ಹೇಳಿ ಹಾಕಸ್ತಾರಂತ” ಎಂದಳು. ನಾನು ಹಾಗೆ ಹೇಳಿರಲಿಲ್ಲ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಹೌದೆಂದು ತಲೆ ಆಡಿಸಿದೆ. ಮಾರನೆಯ ದಿನವೇ ವಾರ್ಡನ್ನರಿಗೆ ಒಂದು ಅರ್ಜಿ ಬರೆದೆ. ಇದನ್ನು ಬರೆಯುವ ಹೊತ್ತಿಗೆ ಎರಡನೆಯ ಅರ್ಜಿಯನ್ನೂ ಬರೆದಾಗಿದೆ.

ಹುಡುಗಿ ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿ, ಹೊಸ ಹಾಸಿಗೆ ಸುರುಳಿ ತೆಗೆದುಕೊಂಡು ಹೋದಳು. ಹೋಗುವ ಮುನ್ನ ನಮಸ್ಕಾರ ಮಾಡಲು ಬಂದಾಗ ನಾನು ಅವಳಿಗೆ ಕೊಟ್ಟದ್ದು ಪುಸ್ತಕವನ್ನಲ್ಲ, ಮೇಜಿನ ಮೇಲಿಡುವ ಒಂದು ಸಣ್ಣ ದೀಪವನ್ನು. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಳೆದ ವಾರ ಫೋನ್ ಮಾಡಿದ್ದಳು. ರೊಟ್ಟಿ ನಿಜವಾಗಿಯೂ ಚರ್ಮವೇ ಅಂತೆ. ಕೋಣೆಯ ಇನ್ನಿಬ್ಬರಿಗೆ ರಾತ್ರಿ ದೀಪವಿದ್ದರೆ ನಿದ್ದೆ ಬರುವುದಿಲ್ಲವಂತೆ, ಅದಕ್ಕೆ ಇವಳು ಆ ಸಣ್ಣ ದೀಪವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಓದುತ್ತಾಳಂತೆ.

“ಎಷ್ಟರ ತನಕ ಓದ್ತಿ?” ಎಂದು ಕೇಳಿದೆ.

“ನಿದ್ದಿ ಬರೂತನಕ, ಟೀಚರ್” ಎಂದಳು.